ಅವ್ವನ ಉಡಿ ತುಂಬಿದ್ದು

ನನ್ನ ತಂಗಿ ಇಂದಿಗೂ ಮಾತಿನ ನಡುವೆ "ನಮ್ಮವ್ವ ಹಂಗ ಮಾಡ್ತಿದ್ಲು, ಹಿಂಗ ಮಾಡ್ತಿದ್ಲು" ಎಂದರೆ ನನಗೆ ಹೊಟ್ಟೆ ಉರಿಯುತ್ತದೆ. ಇಬ್ಬರಿಗೂ ಅವ್ವ ಒಬ್ಬಳೇ. ಆದರೆ ಅವಳಿಗೆ ದಿನಾಲೂ ಸಿಕ್ಕಳು, ನನಗೆ ವರ್ಷಕ್ಕೊಮ್ಮೆ, ನಾಗರ ಪಂಚಮಿಗೆ. ತಲೆ ಬೆಳ್ಳಗಾದರೂ ಈ ಉರಿ ಆರಿಲ್ಲ. ಆರಲಿ ಎಂಬ ಆಸೆಯೂ ನನಗಿಲ್ಲ.

ನಾವು ಮೂಲತಃ ದುಂಡಸಿಯವರು. ಐವತ್ತರ ದಶಕದಲ್ಲಿ ಅಪ್ಪ ಗಂಡುಮಗ ಬೇಕೆಂದು ಇನ್ನೊಬ್ಬಳನ್ನು ಮನೆಗೆ ತಂದ. ಅವಳ ಜೊತೆ ಬಾಳುವುದಿಲ್ಲವೆಂದು ಅವ್ವ ಪಟ್ಟು ಹಿಡಿದಳು. ಊರ ಹಿರಿಯರು ಕಟ್ಟೆಯ ಮೇಲೆ ಕೂತು ಸೋಡಚೀಟಿ ಮಾಡಿಸಿದರು. ಗಂಡ ಹೆಂಡತಿಯ ಋಣ ಅಲ್ಲಿಗೆ ಹರಿಯಿತು. ಹೆಣ್ಣುಮಕ್ಕಳು ಯಾರಿಗೆ ಎಂದು ಯಾರೂ ಜಗಳವಾಡಲಿಲ್ಲ; ಅಪ್ಪನಿಗೆ ನಾವು ಬೇಕಿರಲಿಲ್ಲ. ಅವ್ವ ನಮ್ಮಿಬ್ಬರನ್ನು ಕರೆದುಕೊಂಡು ಹಾನಗಲ್ಲಿನ ತವರಿಗೆ ಬಂದಳು.

ಮರುವರ್ಷ ಚಿಕ್ಕೇರೂರಿನ ರೈತನೊಬ್ಬನಿಗೆ ಅವ್ವನನ್ನು ಉಡಿಕೆ ಮಾಡಿ ಕೊಟ್ಟರು. ಉಡಿಕೆ ಎಂದರೆ ಹಂದರವಿಲ್ಲದ, ವಾಲಗವಿಲ್ಲದ ಎರಡನೆಯ ಮದುವೆ. ಹೊಸ ಸೀರೆ ಉಡಿಸಿ ಕಳಿಸಿದರೆ ಮುಗಿಯಿತು. ಅವನ ಮೊದಲ ಹೆಂಡತಿ ತೀರಿಕೊಂಡಿದ್ದಳು, ನನ್ನದೇ ವಯಸ್ಸಿನ ಮಗಳಿದ್ದಳು. ಬರುವವಳ ಜೊತೆ ಒಂದು ಕೂಸಾದರೆ ಅಡ್ಡಿಯಿಲ್ಲ ಎಂದನಂತೆ. ತಂಗಿ ಸಣ್ಣವಳು, ಹೋದಳು. ನಾನು ಅವ್ವನ ತಾಯಿಯ ಹತ್ತಿರ ಉಳಿದೆ. ಅವಳನ್ನು ನಾವು ಆಯಿ ಎನ್ನುತ್ತಿದ್ದೆವು.

ಆ ವರ್ಷದ ಪಂಚಮಿಗೆ ಅವ್ವ ಬಂದಳು. ನನ್ನ ತಾಯಿ ನಾನಿದ್ದ ಮನೆಗೆ ಗಂಟು ಹೊತ್ತು ಬೀಗರ ಹಾಗೆ ಬಂದಳು! ಒಂದು ಕೈಯಲ್ಲಿ ತಂಗಿ, ಇನ್ನೊಂದರಲ್ಲಿ ಆ ಹುಡುಗಿ. ನನ್ನನ್ನು ಹಿಡಿಯಲು ಮೂರನೆಯ ಕೈ ಇರಲಿಲ್ಲ.

ಮರುದಿನ ಅವ್ವ ಪಡಸಾಲೆಯಲ್ಲಿ ಕೂತು ಆ ಹುಡುಗಿಗೆ ಎರಡು ಹೆರಳು ಹಾಕಿ ಕೆಂಪು ಟೇಪು ಕಟ್ಟಿದಳು. ಹುಡುಗಿ "ಅವ್ವಾ" ಎಂದಳು, ನನ್ನವ್ವ "ಓ" ಎಂದಳು. ನನ್ನ ಮೈಯೆಲ್ಲ ಉರಿದುಹೋಯಿತು. ಅವರು ಮೂವರೂ ಜೋಕಾಲಿ ಆಡುವಾಗ ನಾನು ಹತ್ತಲಿಲ್ಲ, ಶೇಂಗಾ ಉಂಡಿ ಮುಟ್ಟಲಿಲ್ಲ. ಕೇಳಿದವರಿಗೆ "ಹೊಟ್ಟಿ ಕಡ್ಯಾಕತ್ತೈತಿ" ಎಂದೆ. ಪೂರ್ತಿ ಸುಳ್ಳೇನೂ ಆಗಿರಲಿಲ್ಲ.

ಹೊರಡುವ ದಿನ ಮಧ್ಯಾಹ್ನ ಅವ್ವನ ಉಡಿ ತುಂಬಬೇಕಿತ್ತು. ತವರು ಬಿಡುವ ಮಗಳ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಕುಪ್ಪಸದ ಕಣ ಹಾಕದೆ ಕಳಿಸುವಂತಿಲ್ಲ. ಆಯಿ ವಿಧವೆ, ತುಂಬುವಂತಿಲ್ಲ. ಸೋದರಮಾವನ ಹೆಂಡತಿ ತಾನೂ ಪಂಚಮಿಗೆಂದು ಸವಣೂರಿನ ತವರಿಗೆ ಹೋಗಿದ್ದಳು. ಉಡಿಕೆಯಾದವಳಿಗೆ ಉಡಿ ತುಂಬಲು ಓಣಿಯ ಮುತ್ತೈದೆಯರು ಬರುತ್ತಿರಲಿಲ್ಲ. ಹಾಗಾಗಿ ಆಯಿ ಅಕ್ಕಿಯ ಮೊರವನ್ನು ನನ್ನ ಮುಂದೆ ಇಟ್ಟಳು.

"ಮನಿ ಮಗಳು ನೀನ ಅದೀ. ತುಂಬು."

ಅವ್ವ ಸೆರಗು ಒಡ್ಡಿದಳು. ನಾನು ಎರಡೂ ಕೈ ಕಂಕುಳಲ್ಲಿ ಬಿಗಿಹಿಡಿದು ಕೂತೆ.

"ನಾ ತುಂಬಂಗಿಲ್ಲ."

"ಯಾಕವ್ವಾ? ಬಸ್ಸು ಬರೂ ಹೊತ್ತಾತು."

"ನನ್ನೂ ಕರ್ಕೊಂಡು ಹೋಗು, ತುಂಬ್ತೇನಿ."

"ಒಂದ ಕೂಸಿಗೆ ಹೂಂ ಅಂದಾರವ್ವಾ ಅವರು."

"ಹಂಗಾರ ಇಕೀನ್ನ ಬಿಟ್ಟು ನನ್ನ ಕರ್ಕೋ," ಎಂದು ತಂಗಿಯ ಕಡೆ ಕೈ ತೋರಿಸಿದೆ. ತಂಗಿ ಬಾಯಿ ತೆಗೆದು ಅಳತೊಡಗಿದಳು. ಅವ್ವ ಅವಳ ಬೆನ್ನ ಮೇಲೆ ಕೈ ಇಟ್ಟಳು. ಅದನ್ನು ಕಂಡು ನನ್ನ ಹಟ ಇನ್ನೂ ಗಟ್ಟಿಯಾಯಿತು.

ಆಯಿ ಬೈದಳು, ತಲೆಗೊಂದು ಮೊಟಕಿದಳು. ನಾನು ಜಗ್ಗಲಿಲ್ಲ. ಅಷ್ಟರಲ್ಲಿ ಹಿರೇಕೆರೂರ ಕಡೆ ಹೋಗುವ ಬಸ್ಸಿನ ಹಾರ್ನು ಕೇಳಿಸಿತು, ದಿನಕ್ಕಿದ್ದ ಆ ಒಂದೇ ಬಸ್ಸು ಹೊರಟುಹೋಯಿತು. ಅವ್ವ ಒಡ್ಡಿದ ಸೆರಗು ಕೊಡವಿ, ಹೆಗಲಿಗೆ ಹಾಕಿಕೊಂಡು ಕಂಬಕ್ಕೆ ಒರಗಿ ಕೂತಳು. ಬೈಯಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ "ಹಣಗಿ ತಗೊಂಡು ಬಾ" ಎಂದಳು. ನಾನು ಬಾಚಣಿಗೆ ತಂದುಕೊಟ್ಟೆ. ಸಂಜೆಯವರೆಗೂ ನನ್ನ ತಲೆಗೆ ಎಣ್ಣೆ ಹಚ್ಚಿ ತಿಕ್ಕಿದಳು, ಹೆರಳು ಹಾಕಿದಳು, ಬಿಚ್ಚಿದಳು, ಮತ್ತೆ ಹಾಕಿದಳು. ಆ ಹುಡುಗಿ ದೂರದಲ್ಲಿ ಕೂತು ನೋಡುತ್ತಿದ್ದಳು. ನೋಡಲಿ ಎಂದು ನಾನು ಕತ್ತು ಇನ್ನಷ್ಟು ಹಿಂದಕ್ಕೆ ವಾಲಿಸಿದೆ.

ಮರುದಿನ ತುಂಬಿದೆ. ಇನ್ನೂ ತಡವಾದರೆ ಆ ಮನೆಯಲ್ಲಿ ಅವ್ವನಿಗೆ ಬೈಗುಳ ತಪ್ಪಿದ್ದಲ್ಲ ಎಂದು ಆಯಿ ಹೇಳಿದ್ದಳು.

ಮುಂದಿನ ವರ್ಷ ಆಯಿ ಮೊದಲೇ ಹುಷಾರಾದಳು. ಅವ್ವ ಬಂದು ಹೋಗುವವರೆಗೆ ಸೊಸೆ ತವರಿಗೆ ಹೋಗಕೂಡದು ಎಂದು ಕಟ್ಟಪ್ಪಣೆ ಮಾಡಿದಳು. ಆದರೆ ಚಿಕ್ಕೇರೂರಿನಿಂದ ಸಂತೆಗೆ ಬಂದವರ ಕೈಯಲ್ಲಿ ಅವ್ವ ಹೇಳಿಕಳಿಸಿದ್ದಳು: "ವರ್ಷಕ್ಕೊಂದ ಪಂಚಮಿ, ಪಾಪ, ಆಕೀನ್ನ ತವರಿಗೆ ಕಳಿಸ್ರಿ. ಆಕಿ ಹ್ವಾದ ಮ್ಯಾಲ ನಾ ಬರ್ತೇನಿ." ತಮ್ಮನ ಹೆಂಡತಿಯ ಮೇಲೆ ಎಂಥ ಕಾಳಜಿ ಎಂದು ಎಲ್ಲರೂ ಹೊಗಳಿದರು.

ಹೊರಡುವ ದಿನ ಮತ್ತೆ ಮೊರ ನನ್ನ ಮುಂದೆ ಬಂತು. ಈ ಸಲ ನನಗೆ ಬುದ್ಧಿ ಬಂದಿತ್ತು. ಯಾರಿಂದಲೂ ಹೇಳಿಸಿಕೊಳ್ಳದೆ ಬೊಗಸೆ ತುಂಬ ಅಕ್ಕಿ ಎತ್ತಿದೆ. ಅವ್ವ ಸೆರಗು ಒಡ್ಡಲೇ ಇಲ್ಲ. ಬೊಗಸೆಯನ್ನು ಹಾಗೆಯೇ ಹಿಡಿದು ಮೊರಕ್ಕೆ ಇಳಿಸಿದಳು.

"ಏನವಸರ ಐತಿ ನಿನಗ?" ಎಂದು ಆಯಿಗೆ ಕೇಳದಂತೆ ಅಂದಳು. "ಬಸ್ಸು ಹೋಗ್ಲಿ, ತಡಿ."

ಬಾಗಿಲಲ್ಲಿ ಗಂಟು ಹಿಡಿದು ನಿಂತಿದ್ದ ತಂಗಿಗೆ ಅದು ಕೇಳಿಸಿತು. ನನ್ನನ್ನು ದುರುಗುಟ್ಟಿ ನೋಡಿದಳು. ಆ ನೋಟ ಎಂಥದೆಂದು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ.