ತಪಾಸಣೆಗೆ ಸಜ್ಜಾದ ಹೊಟ್ಟೆ

ಬೆಳಿಗ್ಗೆ ರಂಗೋಲಿ ಹಾಕಲು ಬಗ್ಗಿದ್ದೆ. ಹೊಟ್ಟೆಯೊಳಗಿನ ಹುಳಿನೀರು ಗಂಟಲಿನವರೆಗೆ ನುಗ್ಗಿ ಬಂತು. ಎದೆಯ ನಡುವೆ ಕೆಂಡ ಇಟ್ಟಂತಾಯಿತು. ಕೂತೆ. ನೀರು ಕುಡಿದೆ. ಎದ್ದು ರಂಗೋಲಿ ಮುಗಿಸಿದೆ. ಅರ್ಧಕ್ಕೆ ಬಿಡುವುದು ನನ್ನ ಜಾಯಮಾನವಲ್ಲ.

ಮೂವತ್ತೊಂದು ವರ್ಷ ಹೆಣ್ಣುಮಕ್ಕಳ ಶಾಲೆಯಲ್ಲಿ ಕಲಿಸಿ, ಮುಖ್ಯಾಧ್ಯಾಪಕಿಯಾಗಿ ನಿವೃತ್ತಳಾಗಿ, ಬ್ಯಾಡಗಿಯಲ್ಲಿ ತಮ್ಮ ಬಸವರಾಜನ ಮನೆಯಲ್ಲಿದ್ದೆ. ಐದಕ್ಕೆ ಏಳುವುದು, ಹನ್ನೆರಡಕ್ಕೆ ಊಟ, ಒಂಬತ್ತಕ್ಕೆ ನಿದ್ದೆ. ಈ ಉರಿ ಎಲ್ಲವನ್ನೂ ಹರಿದು ಹಾಕಿತು. ಬಗ್ಗಿದರೆ ಉರಿ. ಮಲಗಿದರೆ ಉರಿ. ಎರಡು ತುತ್ತು ಹೆಚ್ಚಾದರೆ ಉರಿ. ಹೇಳದೆ ಕೇಳದೆ ಬಂದು ನನ್ನ ಮೈಯಲ್ಲಿ ಬಿಡಾರ ಹೂಡಿದ ಅದನ್ನು ನಾನು ಮನಸಾರೆ ದ್ವೇಷಿಸಿದೆ.

ತಮ್ಮನದು ಮೆಣಸಿನಕಾಯಿ ಪೇಟೆಯಲ್ಲಿ ದಲಾಲಿ ಅಂಗಡಿ. "ಬ್ಯಾಡಗ್ಯಾಗ ಎದಿ ಉರಿಯೂದು ಏನ್ ದೊಡ್ಡ ಮಾತಕ್ಕಾ? ಇಲ್ಲಿ ಗ್ವಾಡಿ ಸೈತ ಸೀನತಾವ" ಎಂದು ನಕ್ಕ. ಊರಿನ ಡಾಕ್ಟರು ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟು, ಹಾವೇರಿಯಲ್ಲಿ ಎಂಡೋಸ್ಕೋಪಿ ಮಾಡಿಸಿ ಎಂದರು. ತಿಂಗಳ ನಂತರದ ತಾರೀಖು ಸಿಕ್ಕಿತು.

ನಾನು ತಪ್ಪು ಮಾಡಿದ್ದು ಇಲ್ಲಿ. ಶಾಲೆಗೆ ಇನ್ಸ್‌ಪೆಕ್ಟರು ಬರುವ ತಾರೀಖು ತಿಳಿದೊಡನೆ ಗೋಡೆಗೆ ಸುಣ್ಣ, ಹಾಜರಿ ಪುಸ್ತಕಕ್ಕೆ ಹೊಸ ರಟ್ಟು, ದಡ್ಡ ಹುಡುಗಿಯರು ಹಿಂದಿನ ಸಾಲಿಗೆ; ಇದು ನಮ್ಮ ಶಾಲೆಗಳ ರೂಢಿ. ಹೊಟ್ಟೆಯನ್ನೂ ಹಾಗೆಯೇ ಸಜ್ಜುಗೊಳಿಸಿದೆ. ಖಾರ ಬಿಟ್ಟೆ. ಚಹಾ ಬಿಟ್ಟೆ. ಮೆತ್ತಗಿನ ಅನ್ನ, ಮಜ್ಜಿಗೆ ಅಷ್ಟೇ. ಒಂದು ಮಾತ್ರೆಯನ್ನೂ ತಪ್ಪಿಸಲಿಲ್ಲ. ಉರಿ ತಗ್ಗಿತು, ಪೂರ್ತಿ ಹೋಗಲಿಲ್ಲ.

ಹಾವೇರಿಯ ಡಾಕ್ಟರು ಬಾಯಿಂದ ಕ್ಯಾಮೆರಾದ ನಳಿಗೆ ಇಳಿಸಿದರು. ಐದು ನಿಮಿಷ. ರಿಪೋರ್ಟಿನಲ್ಲಿ ಒಂದೇ ಪದ.

ನಾರ್ಮಲ್.

"ಅನ್ನನಾಳ ಸ್ವಚ್ಛ ಐತ್ರಿ. ರಿಟೈರ್ ಆದ ಮ್ಯಾಲ ಹೆಣ್ಣಮಕ್ಕಳಿಗೆ ಹಿಂಗಾಗತೈತಿ. ಬರೇ ಟೆನ್ಷನ್" ಎಂದು ತಮ್ಮನಿಗೆ ಹೇಳಿದರು. ನಾನು ಪಕ್ಕದ ಕುರ್ಚಿಯಲ್ಲೇ ಇದ್ದೆ. ನಿದ್ದೆಯ ಮಾತ್ರೆ ಬರೆದರು.

ಆಮ್ಲದ ಮಾತ್ರೆ ನಿಂತಿತು, ಮೊದಲಿನ ಊಟ ಶುರುವಾಯಿತು, ಉರಿ ಇಮ್ಮಡಿಯಾಗಿ ಮರಳಿತು. ಉರಿ ಎಂದರೆ ತಮ್ಮನ ಹೆಂಡತಿ ಗಿರಿಜಾ ನಿದ್ದೆಯ ಮಾತ್ರೆಯನ್ನೇ ತಂದು ಹಿಡಿಯುತ್ತಿದ್ದಳು. ಐದಕ್ಕೆ ಏಳುತ್ತಿದ್ದವಳಿಗೆ ಎಂಟಾದರೂ ತಲೆ ಎತ್ತಲಾಗುತ್ತಿರಲಿಲ್ಲ. ಒಂದು ದಿನ ಮನೆಗೆ ಬಂದ ಬೀಗರಿಗೆ ತಮ್ಮ ಹೇಳಿದ್ದು ಅಡಿಗೆಮನೆಯಲ್ಲಿದ್ದ ನನ್ನ ಕಿವಿಗೆ ಬಿತ್ತು.

"ಅಕ್ಕಗ ತಲಿದ್ದು ಸ್ವಲ್ಪ ತ್ರಾಸ ಐತ್ರಿ. ಅದರ ಡಾಕ್ಟರಿಗೆ ತೋರಸಬೇಕಂತ ಮಾಡೇವಿ."

ಬೀಗರು ಹೋಗುವವರೆಗೆ ಕಾದೆ. ಇನ್ನೊಮ್ಮೆ ಎಂಡೋಸ್ಕೋಪಿ ಮಾಡಿಸು ಎಂದೆ.

"ಎಷ್ಟ್ ಸಲ ನೋಡೂದಕ್ಕಾ ಅದನ್ನ?"

"ಒಂದ ಸಲ. ಈ ಸಲಾನೂ ನಾರ್ಮಲ್ ಅಂದ್ರ, ನೀ ಯಾವ ಡಾಕ್ಟರ್ ಕಡೆ ಅಂತಿ, ಸುಮ್ನ ಬರ್ತೇನಿ."

ರಾಣೆಬೆನ್ನೂರಿಗೆ ವಾರಕ್ಕೊಮ್ಮೆ ಹೊರಗಿನಿಂದ ಬರುತ್ತಿದ್ದ ಲೇಡಿ ಡಾಕ್ಟರು ವಯಸ್ಸಿನಲ್ಲಿ ನನ್ನ ವಿದ್ಯಾರ್ಥಿನಿಯಂತಿದ್ದರು. ಮೊದಲ ತಪಾಸಣೆಗೆ ಮುಂಚೆ ಏನು ತಿನ್ನುತ್ತಿದ್ದಿರಿ ಎಂದು ಕೇಳಿದರು. ಪಥ್ಯ, ಮಾತ್ರೆ ಎರಡನ್ನೂ ಹೆಮ್ಮೆಯಿಂದಲೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು.

"ಗಾಯ ಮಾಯಿಸ್ಕೊಂಡ ಮ್ಯಾಲ ತೋರಸಾಕ ಹೋದ್ರ ಅವರಿಗೇನ್ ಕಾಣಬೇಕ್ರಿ ಅಕ್ಕೋರ? ಮುಂದಿನ ವಾರ ಬರ್ರಿ. ಅಲ್ಲೀತನಕ ದಿನದ ಊಟಾನ ಮಾಡ್ರಿ. ಹಿಂದಿನ ರಾತ್ರಿಯಿಂದ ಅಷ್ಟ ಉಪವಾಸ."

ಆ ವಾರ ನರಕ. ರೊಟ್ಟಿ, ಕೆಂಪು ಚಟ್ನಿ, ಎರಡು ಹೊತ್ತು ಚಹಾ. ಎಲ್ಲವನ್ನೂ ಹೇಳಿದಂತೆ ತಿಂದೆ.

ಗಂಟಲಿಗೆ ಸ್ಪ್ರೇ ಹೊಡೆದು, ಎಡ ಮಗ್ಗುಲಿಗೆ ಮಲಗಿಸಿ, ಬಾಯಿಗೆ ಪ್ಲಾಸ್ಟಿಕ್ ಬಳೆಯಂಥದ್ದು ಕಚ್ಚಿಸಿದರು. ನನ್ನ ಬಾಯಿ ಕಟ್ಟಿತ್ತು. ಕಣ್ಣಲ್ಲಿ ನೀರು, ಕೆನ್ನೆಯ ಮೇಲೆ ಜೊಲ್ಲು. ಡಾಕ್ಟರು ತಮ್ಮನನ್ನು ಒಳಗೆ ಕರೆದು ಟಿವಿಯ ಮುಂದೆ ನಿಲ್ಲಿಸಿದರು.

"ಈಗ ಹೊಟ್ಟ್ಯಾಗ ನಳಿಗಿ ತುದಿ ಹೊಳ್ಳಿಸಿ, ಕೆಳಗಿಂದ ಮ್ಯಾಲ ನೋಡಾಕತ್ತೇನ್ರಿ. ಇದು ಹೊಟ್ಟಿ ಬಾಗಲಾ. ನಳಿಗಿನ್ನ ಬಿಗಿ ಹಿಡೀಬೇಕು. ಎಷ್ಟ್ ಸಡ್ಲ ಐತಿ ನೋಡ್ರಿ. ಈ ಬಾಗಲಾನ ಹಿಂಗ ಪರೀಕ್ಷಾ ಮಾಡೂದು ಈಗ ಹೊಸದಾಗಿ ಬಂದೈತಿ." ನಳಿಗೆಯನ್ನು ಮೆಲ್ಲಗೆ ಹಿಂದಕ್ಕೆಳೆದರು. "ಇವು ಅನ್ನನಾಳದಾಗ ಆಮ್ಲದಿಂದ ಸುಟ್ಟ ಗೀರು. ಎರಡದಾವ."

ತಮ್ಮನ ದನಿ ಸಣ್ಣದಾಗಿತ್ತು. "ಖರೇ ಏನ್ರಿ?"

"ಖರೇ ಇಲ್ಲಂದ್ರ ಟಿವ್ಯಾಗ ಹೆಂಗ ಕಾಣತೈತ್ರಿ?"

ಜೊಲ್ಲು ಸುರಿಸುತ್ತ ಮಲಗಿದ್ದರೂ, ಆ ಗಳಿಗೆಯಷ್ಟು ತಲೆ ಎತ್ತಿ ನಾನು ಎಂದೂ ನಿಂತಿಲ್ಲ.

ಗೀರಿನಿಂದ ತೆಗೆದ ಚೂರಿನ ಪರೀಕ್ಷೆಯ ರಿಪೋರ್ಟೂ ಬಂತು. ಕೆಟ್ಟದ್ದೇನೂ ಇಲ್ಲ. ಹಾವೇರಿಯ ಡಾಕ್ಟರು ಸುಳ್ಳು ಹೇಳಿರಲಿಲ್ಲ. ಗುರುತನ್ನು ಅಳಿಸಿಕೊಂಡು ಹೋದವಳು ನಾನು. ಅಷ್ಟನ್ನು ಒಪ್ಪುತ್ತೇನೆ. ಆದರೆ ಕಾಣದ್ದನ್ನು ಕಂಡಿಲ್ಲ ಎನ್ನುವ ಬದಲು ಇಲ್ಲವೇ ಇಲ್ಲ ಎಂದದ್ದನ್ನು, ನನ್ನ ನೋವಿನ ಮಾತನ್ನು ನನ್ನ ತಲೆಯ ಮೇಲಿಂದ ಇನ್ನೊಬ್ಬರಿಗೆ ಹೇಳಿದ್ದನ್ನು ಕ್ಷಮಿಸಿಲ್ಲ. ಕ್ಷಮಿಸುವ ಆತುರವೂ ಇಲ್ಲ.

ಮಾತ್ರೆ ಮತ್ತೆ ಶುರುವಾಗಿದೆ. ಕೆಲವು ದಿನ ಈಗಲೂ ಉರಿಯುತ್ತದೆ. ಉರಿಯುತ್ತಿದೆ ಎಂದರೆ ಮನೆಯಲ್ಲಿ ಯಾರೂ ವಾದಿಸುವುದಿಲ್ಲ. ತಮ್ಮ ತಪ್ಪಾಯಿತು ಎಂದು ಹೇಳಲಿಲ್ಲ, ಹೇಳುವವನೂ ಅಲ್ಲ. ಮಂಚದ ತಲೆಗಡೆ ಎತ್ತರಿಸಬೇಕೆಂದು ಡಾಕ್ಟರು ಹೇಳಿದ್ದರು. ಮರುದಿನವೇ ಇಟ್ಟಿಗೆ ಹೊತ್ತು ತಂದ. ತಲೆಗಡೆಯ ಕಾಲಿಗೊಂದರಂತೆ ಇಟ್ಟು, ಬೆವರು ಒರೆಸಿಕೊಂಡು ನನ್ನ ಮುಖ ನೋಡಿದ.

"ಸಾಕೇನಕ್ಕಾ?"

"ಇನ್ನೊಂದೊಂದು ಇಡು" ಎಂದೆ.

ಇಟ್ಟ.