ಹಸನಬ್ಬನವರ ಚೆನ್ನೆಮಣೆ ಮೆಷೀನು

ಕರೆಂಟಿನ ಕೆಲಸಕ್ಕೆ ಇಳಿಯುವ ಮೊದಲು ಹಸನಬ್ಬನವರು ಎಡಗೈಯನ್ನು ಬೆನ್ನ ಹಿಂದೆ ತಂದು ಲುಂಗಿಯ ಬೆಲ್ಟಿಗೆ ಸಿಕ್ಕಿಸಿಬಿಡುತ್ತಿದ್ದರು. ಮುಂದೆ ಬರುವುದು ಬಲಗೈ ಒಂದೇ. ಎರಡೂ ಕೈ ಹಾಕಿದರೆ ಕರೆಂಟು ಒಂದರಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ, ನಡುವೆ ಎದೆ ಸಿಗುತ್ತದೆ ಎಂಬುದು ಅವರ ಲೆಕ್ಕ.

"ಒಂದು ಕೈಗೆ ಹೊಡೆದರೆ ಎರಡು ಬೈಗುಳ ಬೈದು ಚಾ ಕುಡಿಯಬಹುದು ಮಾರಾಯ. ಎರಡು ಕೈಗೆ ಹೊಡೆದರೆ ಊರಿನವರು ಕುಡಿಯುತ್ತಾರೆ ಚಾ, ನಮ್ಮ ಮನೆಯಲ್ಲಿ ಕೂತು!"

ಕಟಪಾಡಿಯಲ್ಲಿ ಅವರ ಮೋಟಾರು ವೈಂಡಿಂಗ್ ಅಂಗಡಿಗೂ ನನ್ನ ಲೇತ್ ಶೆಡ್ಡಿಗೂ ನಡುವೆ ಒಂದೇ ಗೋಡೆ. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನು. ಆದರೆ ನಾನು ಥ್ರೆಡ್ ಹಾಕಿದ ಬೋಲ್ಟಿಗೆ ನಟ್ಟನ್ನು ಕಿರುಬೆರಳಿನಲ್ಲಿ ತಿರುಗಿಸಿ ಕೂರಿಸಬಹುದಿತ್ತು. ಕಾಪುವಿನಿಂದ ದೋಣಿಯವರು ನನ್ನನ್ನೇ ಹುಡುಕಿಕೊಂಡು ಬರುತ್ತಿದ್ದರು. ಈ ಮಾತನ್ನು ಹಸನಬ್ಬನವರಿಗೆ ದಿನಕ್ಕೊಮ್ಮೆಯಾದರೂ ಹೇಳುತ್ತಿದ್ದೆ. ಅವರು ದಿನವೂ ಮೊದಲ ಸಲ ಕೇಳಿದವರಂತೆ "ಹೌದಾ!" ಎನ್ನುತ್ತಿದ್ದರು.

ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಕಾರ್ಕಳದ ಅಂಗಡಿಯವರೊಬ್ಬರು ಮಳೆಗಾಲದ ಆಟಿ ತಿಂಗಳು ಬರುವುದರೊಳಗೆ ಒಂದಷ್ಟು ಚೆನ್ನೆಮಣೆ ಬೇಕೆಂದು ಬಂದರು. ಆಟಿಯಲ್ಲಿ ಹೆಂಗಸರು ಆಡುವ ಮಣೆ. ಎರಡು ಸಾಲು, ಸಾಲಿಗೆ ಏಳು ಕುಳಿ. ಮರಗೆಲಸದ ಆಚಾರಿಗಳಿಗೆ ಪುರುಸೊತ್ತಿಲ್ಲ. ನಾನು ಇಲ್ಲ ಎನ್ನುವವನಿದ್ದೆ. ಗೋಡೆಯ ಆಚೆಯಿಂದ ಹಸನಬ್ಬನವರ ದನಿ ಬಂತು: "ಉಂಟು ಉಂಟು! ನಮ್ಮಲ್ಲಿ ಮೆಷೀನು ಉಂಟು!"

ಮೆಷೀನು ಇರಲಿಲ್ಲ. ಅಂಗಡಿಯವರು ಬಸ್ಸು ಹತ್ತಿದ ಮೇಲೆ ಅದನ್ನು ಮಾಡಲು ಶುರುಮಾಡಿದೆವು.

ಉದ್ದಕ್ಕೂ ಅಡ್ಡಕ್ಕೂ ಸರಿಯುವ ಮೇಜು, ಅದನ್ನು ಸರಿಸುವ ಸ್ಕ್ರೂಗಳು, ಮೇಲಿನಿಂದ ಇಳಿದು ಕುಳಿ ತೋಡುವ ಕಟರು, ಇವೆಲ್ಲ ನನ್ನವು. ತಲೆ ಮಾತ್ರ ಅವರದು. ಗುಜರಿಯಲ್ಲಿ ಕಿಲೋ ಲೆಕ್ಕದಲ್ಲಿ ಸಿಕ್ಕಿದ ಹಳೆಯ ಟೆಲಿಫೋನ್ ರಿಲೇಗಳನ್ನು, ಅಂದರೆ ಕರೆಂಟು ಹರಿದರೆ ತಾವೇ ಹಾಕಿಕೊಳ್ಳುವ ಸ್ವಿಚ್ಚುಗಳನ್ನು, ಹಲಗೆಯ ಮೇಲೆ ಸಾಲಾಗಿ ಜೋಡಿಸಿದರು. ಸಾಬೂನು ಪೆಟ್ಟಿಗೆಯ ರಟ್ಟನ್ನು ಪಟ್ಟಿ ಮಾಡಿ ತೂತು ಹೊಡೆದರು. ಪಟ್ಟಿ ಸರಿಯುವಾಗ ತೂತು ಬಂದಲ್ಲಿ ಹಿತ್ತಾಳೆಯ ಬೆರಳು ತಾಗುತ್ತದೆ, ರಿಲೇ ಟಿಕ್ ಎನ್ನುತ್ತದೆ, ಮೋಟಾರು ತಿರುಗುತ್ತದೆ. ಯಾವ ರಿಲೇ ಸೋಮಾರಿ, ಯಾವುದು ಚುರುಕು ಎಂದು ಅವರು ಕಣ್ಣು ಮುಚ್ಚಿ ಸದ್ದಿನಲ್ಲೇ ಹೇಳುತ್ತಿದ್ದರು. ನಮ್ಮಿಬ್ಬರ ಮಾತು ತುಳುವಿನಲ್ಲಿ, ರಿಲೇಗಳಿಗೆ ಬೈಯುವುದು ಮಾತ್ರ ಅವರ ಮನೆಮಾತು ಬ್ಯಾರಿಯಲ್ಲಿ. ಮೊದಲ ಮಣೆಗೆ ಹದಿನೇಳು ಕುಳಿ ಬಿತ್ತು. "ದೊಡ್ಡ ಕುಟುಂಬಕ್ಕೆ ಆಯಿತು" ಎಂದು ಅದನ್ನು ಬದಿಗಿಟ್ಟರು.

ಎಲ್ಲಕ್ಕಿಂತ ಕೆಳಗೆ ಒಂದು ದಪ್ಪ ರಿಲೇ ಇತ್ತು. ಹಸಿರು ಬಟನ್ ಒತ್ತಿದರೆ ಅದು ಹಿಡಿದುಕೊಳ್ಳುತ್ತದೆ, ಮೆಷೀನು ಓಡುತ್ತದೆ. ಕರೆಂಟು ಹೋದರೆ ಬಿಟ್ಟುಬಿಡುತ್ತದೆ. ಕರೆಂಟು ಮರಳಿದರೂ ಯಾರಾದರೂ ಬಂದು ಹಸಿರು ಒತ್ತುವವರೆಗೆ ಮೆಷೀನು ಅಲ್ಲಾಡುವುದಿಲ್ಲ. ನನಗೆ ಇದು ಸರಿಬರಲಿಲ್ಲ. "ತನ್ನಷ್ಟಕ್ಕೆ ಓಡುವ ಮೆಷೀನು ಅಂತ ಊರಿಡೀ ಹೇಳಿದ್ದೇವೆ ಹಸನಬ್ಬರೇ. ಮತ್ತೆ ಮತ್ತೆ ಒತ್ತುವುದು ಮರ್ಯಾದೆಯಾ?"

"ಕರೆಂಟು ಯಾವಾಗ ಬರುತ್ತದೆ ಅಂತ ಅದಕ್ಕೆ ಗೊತ್ತುಂಟಾ? ನಿಮ್ಮ ಕೈ ಎಲ್ಲಿ ಉಂಟು ಅಂತ ಗೊತ್ತುಂಟಾ? ಓಡುತ್ತಿದ್ದದ್ದನ್ನು ಅದು ಮರೆಯಬೇಕು ಸಂಜೀವಣ್ಣ."

ಸುದ್ದಿ ಮಣಿಪಾಲ ತಲುಪಿತು. ಕಾಲೇಜಿನ ಪ್ರೊಫೆಸರರೊಬ್ಬರು ನೋಡಲು ಬಂದರು. ಚೆನ್ನಾಗಿ ಓಡಿದರೆ ಅವರ ವಸ್ತುಪ್ರದರ್ಶನದಲ್ಲಿ ಇಡುತ್ತಾರಂತೆ. ಒಳಗೆ ಕಾಲಿಟ್ಟವರೇ ನನ್ನನ್ನು ಕೇಳಿದರು, "ಎಷ್ಟರವರೆಗೆ ಓದಿದ್ದೀರಿ?" ಏಳು ಎಂದೆ. "ಓಹೋ" ಎಂದರು. ಆ ಓಹೋ ನನಗೆ ನಾಟಿತು. ಈ ಮನುಷ್ಯನ ಮುಂದೆ ಮೆಷೀನು ನಿಲ್ಲಲೇಬಾರದು! ಹಸನಬ್ಬನವರು ಅವರಿಗೆ ಚಾ ಹೇಳಲು ಹೋದಾಗ ಪ್ರೊಫೆಸರರ ಬೆನ್ನು ಈ ಕಡೆಗಿರುವಾಗ ಮೇನ್ ಆರಿಸಿ, ಹಸಿರು ಬಟನ್ನಿನ ಎರಡು ತುದಿಗೂ ಅಡ್ಡವಾಗಿ ಒಂದು ತುಂಡು ವಯರು ಸಿಕ್ಕಿಸಿದೆ. ಇನ್ನು ಬಟನ್ ಸದಾ ಒತ್ತಿದ ಹಾಗೆಯೇ, ಕರೆಂಟು ಬಂದರೆ ಸಾಕು.

ಹಸನಬ್ಬನವರು ಮರಳಿದೊಡನೆ ನಾನೇ ಮೇನ್ ಹಾಕಿದೆ. ಎಂಟು ಕುಳಿ ಅಂದವಾಗಿ ಬಿದ್ದವು. ಒಂಬತ್ತನೆಯದಕ್ಕೆ ಮೇಜು ಸರಿದು ನಿಂತಿತು, ಕರೆಂಟು ಹೋಯಿತು. ಪ್ರೊಫೆಸರರು ಮೆಚ್ಚಿಗೆಯಿಂದ ಬಗ್ಗಿ, ಕೈಯಲ್ಲಿದ್ದ ಫೈಲನ್ನು ಮಣೆಯ ಮೇಲಿಟ್ಟು, ಕುಳಿಗಳ ಮೇಲೆ ಬೆರಳಾಡಿಸುತ್ತ ಪ್ರಶ್ನೆ ಕೇಳತೊಡಗಿದರು. ಹಸನಬ್ಬನವರ ಕಣ್ಣು ಬಟನ್ನಿನ ಕಡೆ ಹೋಯಿತು. ಮರುಕ್ಷಣ ಎರಡೂ ಕೈಯಿಂದ ಪ್ರೊಫೆಸರರ ಕಾಲರ್ ಹಿಡಿದು ಹಿಂದಕ್ಕೆಳೆದರು. ಇಬ್ಬರೂ ತಾಮ್ರದ ತಂತಿಯ ರಾಶಿಯ ಮೇಲೆ ಬಿದ್ದರು. ಬೀಳುವುದಕ್ಕೂ ಕರೆಂಟು ಬರುವುದಕ್ಕೂ ಸರಿಯಾಯಿತು. ಟಿಕ್. ಕಟರು ಇಳಿದು ಫೈಲಿನ ನಡುವೆ ದುಂಡಗೆ ಒಂಬತ್ತನೇ ಕುಳಿ ತೋಡಿತು.

ಹಸನಬ್ಬನವರು ಹಾರಿ ಮೇನ್ ಇಳಿಸಿದರು. ಪ್ರೊಫೆಸರರು ಬಿದ್ದಲ್ಲಿಂದಲೇ ಬಟನ್ನಿನತ್ತ ಬೆರಳು ತೋರಿಸಿದರು. "ಆ ವಯರು ಯಾರು ಹಾಕಿದ್ದು?"

"ನಾನು ಸಾರ್," ಎಂದರು ಹಸನಬ್ಬನವರು, ಒಂದು ಕ್ಷಣವೂ ತಡೆಯದೆ.

ನಾನು ಸುಮ್ಮನಿದ್ದರೆ ಮುಗಿಯುತ್ತಿತ್ತು. ಆದರೆ ಅವರ ಎರಡು ಕೈಯೂ ಮುಂದೆಯೇ ಇದ್ದವು. ಕರೆಂಟಿನ ಹತ್ತಿರ ಅವನ್ನು ಹಾಗೆ ಒಟ್ಟಿಗೆ ನೋಡಿದ್ದು ಅದೇ ಮೊದಲು. "ಅವರಲ್ಲ ಸಾರ್, ನಾನು. ನಿಮ್ಮ ಮುಂದೆ ನಿಲ್ಲಬಾರದು ಅಂತ."

ಪ್ರೊಫೆಸರರು ಎದ್ದು ಫೈಲನ್ನು ಬೆಳಕಿಗೆ ಹಿಡಿದು, ತೂತಿನೊಳಗಿಂದ ನನ್ನನ್ನು ನೋಡಿದರು. "ಪರೀಕ್ಷಾ ಸಮಿತಿಯ ಫೈಲು ಮಾರಾಯ್ರೇ ಇದು," ಎಂದವರೇ ನಗತೊಡಗಿದರು. ಹಸನಬ್ಬನವರು ನಕ್ಕರು. ನನಗೂ ತಡೆಯಲಾಗಲಿಲ್ಲ. ಚಾ ತಂದವನು ಮೂವರಿಗೂ ಶಾಕ್ ಹೊಡೆದಿದೆ ಎಂದುಕೊಂಡು ಗ್ಲಾಸು ಅಲ್ಲೇ ಇಟ್ಟು ಓಡಿದ. ವಯರನ್ನು ನಾನೇ ಕಿತ್ತೆ, ಹಸಿರನ್ನೂ ನಾನೇ ಒತ್ತಿದೆ. ಉಳಿದ ಕುಳಿಗಳು ಮರದಲ್ಲೇ ಬಿದ್ದವು.

ಮಣಿಪಾಲದ ವಸ್ತುಪ್ರದರ್ಶನಕ್ಕೆ ಇಬ್ಬರೂ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಹೋದೆವು. ಮರುದಿನ ಬೆಳಿಗ್ಗೆಯೇ ಹಸನಬ್ಬನವರು ಕೆಲಸಕ್ಕೆಂದು ಮಸ್ಕತ್ತಿಗೆ ಹೊರಡುವವರಿದ್ದರು. ಅಲ್ಲೇ ನೆಲೆನಿಂತರು, ಅಲ್ಲೇ ತೀರಿಕೊಂಡರು. ನಾನು ಅವರನ್ನು ಕಡೆಯದಾಗಿ ನೋಡಿದ್ದು ಆ ದಿನವೇ.

ಮೆಷೀನಿನ ಮುಂದೆ ನಿಲ್ಲಿಸುವ ಕಾರ್ಡು ಬರೆಯಲು ಒಬ್ಬ ವಿದ್ಯಾರ್ಥಿ ಬಂದ. ಹೆಸರು ಬರೆದುಕೊಂಡ, ಊರು ಬರೆದುಕೊಂಡ. ಆಮೇಲೆ ಪೆನ್ನೆತ್ತಿ, "ಇಬ್ಬರ ವಿದ್ಯಾಭ್ಯಾಸ?" ಎಂದ. ನನ್ನ ಕಿವಿ ಬಿಸಿಯಾಯಿತು.

ಹಸನಬ್ಬನವರು ನನ್ನ ಹೆಗಲ ಮೇಲೆ ಕೈ ಹಾಕಿ, ಗಂಭೀರವಾಗಿ ಹೇಳಿದರು:

"ನಡೆಯುತ್ತಾ ಉಂಟು ಅಂತ ಬರೆಯಿರಿ."