ಮಗಳಿಗೆ ನಾನು ಕಟ್ಟಿದ ಕಾಯಿಲೆ

ಭವಾನಿ, ನಿನ್ನ ಗಂಟಲಿಗೆ ಯಾವ ಆಪರೇಷನ್ನೂ ಆಗಿರಲಿಲ್ಲ. ಆಗಿದೆ ಎಂದು ನಿನ್ನ ಹೈಸ್ಕೂಲಿನ ಮೊದಲ ದಿನ ಸುಳ್ಳು ಹೇಳಿದವನು ನಾನು — ನಿನ್ನಪ್ಪ. ಇಷ್ಟು ವರ್ಷ ಅದನ್ನು ತಪ್ಪೆಂದು ಯಾರ ಮುಂದೆಯೂ ಒಪ್ಪಿಕೊಳ್ಳಲಿಲ್ಲ. ನಿನ್ನ ಮುಂದೆ ಕೂಡ.

ನನ್ನ ಕಸುಬು ನಿನಗೆ ಗೊತ್ತು. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಹೊಳೆನರಸೀಪುರದಲ್ಲಿ ಮೈಕ್ ಸೆಟ್ ಬಾಡಿಗೆಗೆ ಕೊಡುವ ಅಂಗಡಿ ನನ್ನದು. ಮದುವೆ, ನಾಮಕರಣ, ಸಂಘದ ಸಭೆ — ಮೈಕ್ ಕಟ್ಟುವವನೂ ನಾನೇ, ಅದರ ಮುಂದೆ ನಿಂತು ಮಾತಾಡುವವನೂ ನಾನೇ. 'ನಿನ್ನ ಗಂಟ್ಲಿಗೆ ಮೈಕೇ ಬ್ಯಾಡ ಕಣಯ್ಯ' ಎಂದು ಯಾರಾದರೂ ಹೊಗಳಿದರೆ ಮನೆಗೆ ಬರುವವರೆಗೂ ಅದೇ ಅಮಲು. ಅಂಥವನ ಮಗಳು ಉಗ್ಗುತ್ತಿದ್ದಳು.

ನಮ್ಮ ಹಳ್ಳಿಯ ಶಾಲೆಯಲ್ಲಿ ಏಳನೇ ಕ್ಲಾಸು ಮುಗಿಯುವವರೆಗೆ ಅದು ಯಾರಿಗೂ ತೊಡಕಾಗಿರಲಿಲ್ಲ. ನೀನು ತಡವರಿಸಿದರೆ ಮೇಷ್ಟ್ರು ಕಾಯುತ್ತಿದ್ದರು, ಮಕ್ಕಳೂ ಕಾಯುತ್ತಿದ್ದರು. ಎಂಟನೇ ಕ್ಲಾಸಿಗೆ ನನ್ನ ಅಂಗಡಿಯಿರುವ ಪೇಟೆಯ ಹೈಸ್ಕೂಲು ಎಂದಾಗ ನೀನು ಹೆದರಲಿಲ್ಲ — ಹೆದರಿದ್ದು ನಾನು. ಅಲ್ಲಿ ಎಲ್ಲರೂ ನನ್ನನ್ನು ಬಲ್ಲವರು.

ಆ ಬೇಸಿಗೆಯಲ್ಲಿ ನಿನ್ನವ್ವ ನಿನಗೆ ಯೂನಿಫಾರಂ ಹೊಲಿಸಿದಳು, ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡ ಶೂ ಕೊಡಿಸಿದಳು, ಬಸ್ ಎಲ್ಲಿ ಇಳಿಯಬೇಕು ಎಂದು ಕರೆದುಕೊಂಡು ಹೋಗಿ ತೋರಿಸಿದಳು. ನಾನು ಮಾಡಿದ ತಯಾರಿಯೇ ಬೇರೆ. ನಿನ್ನನ್ನು ಅಂಗಡಿಗೆ ಕರೆದೊಯ್ದು ಮೈಕ್ ಮುಂದೆ ನಿಲ್ಲಿಸಿ, 'ನನ್ನ ಹೆಸರು ಭವಾನಿ' ಅನ್ನು ಎಂದೆ. 'ಭ' ಅನ್ನುವಲ್ಲಿ ನೀನು ನಿಂತೆ. ಆ ಒಂದು ಅಕ್ಷರ ಸ್ಪೀಕರಿನಲ್ಲಿ ಬೀದಿಗೆಲ್ಲ ಕೇಳಿಸಿತು. ಎದುರಿನ ಟೀ ಅಂಗಡಿಯವರು ನಕ್ಕರು. ನಾನು ಮೈಕ್ ಆರಿಸಲಿಲ್ಲ — 'ಇನ್ನೊಂದ್ಸಲ' ಎಂದೆ. ರಜ ಮುಗಿಯುವವರೆಗೂ ಹಾಗೇ ನಡೆಸಿದೆ. ನಿನ್ನವ್ವ ರೇಗಿದಳು: "ಮಗೀಗೆ ಬ್ಯಾಗು ಪುಸ್ತಕ ಹೊಂದ್ಸು, ಸಾಕು. ಬಾಯ್ನೇನು ಆಂಪ್ಲಿಫೈಯರ್ ಅನ್ಕಂಡಿದ್ದೀಯಾ, ರಿಪೇರಿ ಮಾಡಕ್ಕೆ?"

ನಾನು ಕೇಳಲಿಲ್ಲ. ರಜ ಶುರುವಾದಾಗ ಹೆಸರಿನಲ್ಲಿ ಮಾತ್ರ ತಡವರಿಸುತ್ತಿದ್ದವಳು, ಮುಗಿಯುವಾಗ ಎಲ್ಲ ಮಾತಿಗೂ ತಡವರಿಸುತ್ತಿದ್ದೆ.

ಮೊದಲ ದಿನ ನಾನೇ ಕರೆದುಕೊಂಡು ಹೋದೆ. ಹೆಡ್‌ಮಿಸ್ಟ್ರೆಸ್ ಕೋಣೆಯಲ್ಲಿ ಬೇರೆ ಅಪ್ಪಂದಿರೂ ಇದ್ದರು. ಮೇಡಂ ನಿನ್ನ ಕಡೆ ಬಾಗಿ, "ಹೆಸರೇನಮ್ಮ?" ಎಂದರು. ನೀನು ತಲೆಯೆತ್ತಿ ಅವರನ್ನೇ ನೋಡುತ್ತ ಶುರು ಮಾಡಿದೆ. ಮುಗಿಸುತ್ತಿದ್ದೆ — ನನಗೆ ಗೊತ್ತು, ನೀನು ಮುಗಿಸುತ್ತಿದ್ದೆ. ಅಷ್ಟರಲ್ಲಿ ನಾನು ಅಡ್ಡ ಬಾಯಿ ಹಾಕಿದೆ.

"ಭವಾನಿ ಅಂತ ಮೇಡಂ. ಗಂಟ್ಲು ಆಪರೇಷನ್ ಆಗೈತೆ. ಡಾಕ್ಟ್ರು ಮಾತಾಡಿಸ್ಬ್ಯಾಡಿ ಅಂದವ್ರೆ."

ನೀನು ನನ್ನ ಮುಖ ನೋಡಿದೆ. ಆಮೇಲೆ ಬಾಯಿ ಮುಚ್ಚಿದೆ.

ನಾಲ್ಕು ದಿನದಲ್ಲಿ ಮರೆತುಹೋಗುತ್ತದೆ ಅಂದುಕೊಂಡೆ. ಆದರೆ ನೀನು ಆ ಸುಳ್ಳನ್ನು ನನಗಿಂತ ಚೆನ್ನಾಗಿ ಕಾಪಾಡಿದೆ. ಕ್ಲಾಸಿನಲ್ಲಿ ಒಂದು ಮಾತಿಲ್ಲ. ಪ್ರಶ್ನೆ ಕೇಳುವಾಗ ಟೀಚರ್ ನಿನ್ನನ್ನು ಬಿಟ್ಟು ಮುಂದಿನವಳ ಕಡೆ ಹೋಗುತ್ತಿದ್ದರಂತೆ. ಪೋಷಕರ ಸಭೆಯಲ್ಲಿ ಮೇಡಂ ಕಾಳಜಿಯಿಂದಲೇ ಕೇಳಿದರು — "ಇನ್ನೂ ವಾಸಿಯಾಗಿಲ್ವಾ?" ನೀನು ನನ್ನ ಪಕ್ಕದಲ್ಲೇ ಇದ್ದೆ. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. "ಇನ್ನೂ ಸ್ವಲ್ಪ ದಿನ ಬೇಕಂತೆ ಮೇಡಂ" ಎಂದುಬಿಟ್ಟೆ.

ಚಳಿಗಾಲ ಕಳೆದು ಬಿಸಿಲು ಬಲಿತ ಮೇಲೆ, ಒಂದು ದಿನ ಆಟದ ಬಯಲಲ್ಲಿ ನಿನ್ನ ಕ್ಲಾಸಿನ ಹುಡುಗಿಯೊಬ್ಬಳು ತಲೆ ಸುತ್ತಿ ಬಿದ್ದಳು. ಹತ್ತಿರ ಇದ್ದವಳು ನೀನೊಬ್ಬಳೇ. "ಮಿಸ್! ಮಿಸ್!" ಎಂದು ಶಾಲೆಗೆಲ್ಲ ಕೇಳುವ ಹಾಗೆ ಕೂಗಿದೆಯಂತೆ. ಆ ಹುಡುಗಿಗೆ ಏನೂ ಆಗಲಿಲ್ಲ. ಮೇಡಂ ಫೋನ್ ಮಾಡಿ ಸಂತೋಷಪಟ್ಟರು: "ಮಗಳಿಗೆ ಧ್ವನಿ ಬಂತು ನೋಡಿ!" ನಾನು "ದೇವರು ದೊಡ್ಡವನು ಮೇಡಂ" ಎಂದೆ. ದೇವರನ್ನೂ ಸುಳ್ಳಿಗೆ ಸಾಕ್ಷಿ ಮಾಡಿಕೊಂಡೆ.

ಅಂದಿನಿಂದ ನೀನು ಮಾತಾಡಿದೆ, ಉಗ್ಗುತ್ತಲೇ. ಪಾಪ, ಆಪರೇಷನ್ ಕೆಟ್ಟು ಹೀಗಾಗಿದೆ ಎಂದು ಎಲ್ಲರೂ ಮರುಗಿದರು. ನಾನು ತಿದ್ದಲಿಲ್ಲ. ಹುಟ್ಟಿನಿಂದ ಬಂದದ್ದು ಎನ್ನುವುದಕ್ಕಿಂತ ಡಾಕ್ಟರ ತಪ್ಪು ಎನ್ನುವುದು ನನಗೆ — ಹೇಗೆ ಹೇಳಲಿ — ಹಗುರಾಗಿತ್ತು.

ಈಗ ನೀನು ಅರಕಲಗೂಡಿನಲ್ಲಿ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೀಯ. ಅಲ್ಲಿಗೆ ಹೊರಡುವ ಹಿಂದಿನ ದಿನ ನೀನು ಬಟ್ಟೆ ಮಡಿಸುತ್ತಿದ್ದಾಗ ನಾನೇ ಕೇಳಿದೆ: "ಅವತ್ತೇ ನಿಜ ಹೇಳ್ಬುಡಬೋದಿತ್ತಲ್ಲ ಮಗಾ, ಯಾಕ್ ಸುಮ್ಕಿದ್ದೆ?" ಆಗಲೂ ತಪ್ಪಿನಲ್ಲಿ ನಿನಗೊಂದು ಪಾಲು ಹುಡುಕುತ್ತಿದ್ದೆನೇನೋ. ನೀನು ತಡೆತಡೆದು ಹೇಳಿದೆ:

"ಉಗ್ಗಕ್ಕೆ ನಂಗೆ ಭಯ ಇರ್ಲಿಲ್ಲ ಕಣಪ್ಪ. ನಾನು ಬಾಯ್ಬಿಟ್ರೆ ನಮ್ಮಪ್ಪ ಸುಳ್ಳು ಹೇಳ್ದ ಅಂತ ಎಲ್ರಿಗೂ ಗೊತ್ತಾಗೋದಲ್ಲ, ಅದ್ಕೆ."

ನಾನು ಎದ್ದು ಹೊರಗೆ ಹೋದೆ.

ಆ ಮೇಡಂ ನಿವೃತ್ತರಾಗಿ ಹಾಸನದಲ್ಲಿದ್ದಾರೆ. ನಿನಗೆ ಹೇಳದೆ, ವಿಳಾಸ ಹುಡುಕಿಕೊಂಡು ಇವತ್ತು ಅವರ ಮನೆಗೆ ಹೋಗಿದ್ದೆ. ಎಲ್ಲ ಹೇಳಿದೆ. ಅವರು ಬೈಯಲಿಲ್ಲ. ಒಂದೇ ಕೇಳಿದರು: "ಆ ಮಗು ದಿನಾ ಒಬ್ಬಳೇ ಕೂತು ಊಟ ಮಾಡ್ತಿತ್ತು. ಅದು ನಿಮಗೆ ಗೊತ್ತಿತ್ತಾ?"

"ಇಲ್ಲ ಮೇಡಂ, ಗೊತ್ತಿರ್ಲಿಲ್ಲ" ಎಂದೆ.

ಗೊತ್ತಿತ್ತು, ಭವಾನಿ. ಆ ವರ್ಷ ಸ್ವಾತಂತ್ರ್ಯ ದಿನಾಚರಣೆಗೆಂದು ಹಿಂದಿನ ದಿನವೇ ನಿಮ್ಮ ಶಾಲೆಗೆ ಮೈಕ್ ಇಳಿಸಲು ಬಂದಿದ್ದೆ. ಊಟದ ಹೊತ್ತು. ಹುಡುಗಿಯರೆಲ್ಲ ಗುಂಪುಗುಂಪಾಗಿ ಕೂತಿದ್ದರು. ನೀನು ನಲ್ಲಿಯ ಪಕ್ಕದ ಕಟ್ಟೆಯ ಮೇಲೆ, ಗೋಡೆಗೆ ಮುಖ ಮಾಡಿಕೊಂಡು — ನಾನು ಹತ್ತಿರ ಬಂದರೆ ನೀನು ಅಪ್ಪಾ ಎಂದು ಕರೆದುಬಿಡುತ್ತೀಯೆಂದು, ಆ ಉಗ್ಗು ಎಲ್ಲರಿಗೂ ಕೇಳಿಸಿಬಿಡುತ್ತದೆಂದು ಹೆದರಿ, ಹಾಗೇ ಹಿಂದೆ ಸರಿದು ಆಟೊ ಹತ್ತಿ ಹೊರಟುಹೋದೆ.

ತಪ್ಪೊಪ್ಪಿಕೊಳ್ಳಲು ಹೋದ ಮನೆಯಲ್ಲೂ ಸುಳ್ಳು ಹೇಳಿ ಬಂದಿದ್ದೇನೆ. ನಾಳೆ ಮತ್ತೆ ಹಾಸನದ ಬಸ್ಸು ಹತ್ತುತ್ತೇನೆ.